ಮೀಟರು ಬೀಪ್ ಅಂದಿತು, ವೈರು ಮಾತ್ರ ಹೋಗಿತ್ತು

ಮೂರು ವಾರದಿಂದ ನನ್ನ ಕಾರಿನದು ಒಂದೇ ಕಥೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಏನೂ ತೊಂದರೆ ಇಲ್ಲ. ಇಪ್ಪತ್ತು ನಿಮಿಷ ಓಡಿ ಚೆನ್ನಾಗಿ ಕಾದ ಮೇಲೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಚೆಕ್ ಎಂಜಿನ್ ದೀಪ ಹತ್ತುತ್ತಿತ್ತು. ಪಿಕಪ್ ಅರ್ಧಕ್ಕೆ ಇಳಿಯುತ್ತಿತ್ತು. ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗಲೆಲ್ಲ ಅದೇ ಕೋಡ್, ಪಿ0010.

ಇದನ್ನು ಪಿ0011ರ ಜೊತೆ ಕಲಸಿಕೊಳ್ಳಬಾರದು. ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಇರಬೇಕಾದ ಜಾಗಕ್ಕಿಂತ ಮುಂದೆ ಹೋಗಿ ನಿಂತರೆ ಪಿ0011 ಬರುತ್ತದೆ. ಅಲ್ಲಿ ಕೊಳೆಯಾದ ಆಯಿಲ್, ಕಟ್ಟಿಕೊಂಡ ಜಾಲರಿ, ಸಿಕ್ಕಿಕೊಂಡ ವಾಲ್ವ್ ಇವನ್ನೆಲ್ಲ ಅನುಮಾನಿಸಬಹುದು. ಪಿ0010 ಹಾಗಲ್ಲ, ಅದು ಕರೆಂಟಿನ ದೂರು. ಸೊಲೆನಾಯ್ಡಿನ (ಕ್ಯಾಮ್‌ಶಾಫ್ಟಿಗೆ ಆಯಿಲ್ ಬಿಡುವ, ಕರೆಂಟಿನಿಂದ ನಡೆಯುವ ವಾಲ್ವ್) ಕಾಯಿಲ್, ಅದರ ವೈರು, ಕನೆಕ್ಟರ್, ಇಸಿಯು (ಎಂಜಿನ್ನನ್ನು ನಡೆಸುವ ಕಂಪ್ಯೂಟರ್), ಇಷ್ಟರಲ್ಲೇ ಎಲ್ಲೋ ತೊಂದರೆ ಇದೆ ಅಂತ. ಗ್ಯಾರೇಜಿನವರು ಆಯಿಲ್ ಬದಲಾಯಿಸಿದರು, ಆಮೇಲೆ ಸೊಲೆನಾಯ್ಡನ್ನೇ ಹೊಸದು ಹಾಕಿದರು. ಎರಡೇ ದಿನಕ್ಕೆ ದೀಪ ಮತ್ತೆ ಹತ್ತಿತು. ಅಳೆದು ನೋಡದೆ ಸಾಮಾನು ಬದಲಾಯಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಹಾಗಾಗಿ ಭಾನುವಾರ ನಾನೇ ಬಾನೆಟ್ ಎತ್ತಿದೆ.

ಒಳಗೆ ನಡೆಯುವ ಕೆಲಸ ಸರಳ. ಇಸಿಯು ಈ ಸೊಲೆನಾಯ್ಡಿಗೆ ಕರೆಂಟು ಬಿಡುತ್ತದೆ. ಸೊಲೆನಾಯ್ಡ್ ಆಯಿಲಿನ ದಾರಿ ತೆರೆಯುತ್ತದೆ. ಆ ಆಯಿಲಿನ ಒತ್ತಡ ಕ್ಯಾಮ್‌ಶಾಫ್ಟನ್ನು ಅದರ ಚೈನ್ ಚಕ್ರಕ್ಕೆ ಹೋಲಿಸಿದರೆ ಸ್ವಲ್ಪ ಹಿಂದೆ ಮುಂದೆ ತಿರುಗಿಸುತ್ತದೆ. ಎಂಜಿನ್ ಓಡುತ್ತಿರುವಾಗಲೇ ವಾಲ್ವ್ ತೆರೆಯುವ ಹೊತ್ತು ಬದಲಾಗುವುದು ಹೀಗೆ. ಕರೆಂಟಿನ ದಾರಿ ಕಡಿದರೆ ಇಸಿಯು ಈ ಕೆಲಸವನ್ನೇ ಬಿಟ್ಟುಬಿಡುತ್ತದೆ, ಕ್ಯಾಮ್ ತನ್ನ ಮೂಲ ಜಾಗದಲ್ಲೇ ಉಳಿಯುತ್ತದೆ. ಏರಿನಲ್ಲಿ ಪಿಕಪ್ ಹೋಗುತ್ತಿದ್ದದ್ದು ಅದಕ್ಕೇ.

ಮೊದಲು ಕಾಯಿಲ್ ನೋಡಿದೆ. ನನ್ನ ಎಂಜಿನ್ನಿನ ಕೈಪಿಡಿಯ ಪ್ರಕಾರ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 6.9ರಿಂದ 7.9 ಓಮ್ ಇರಬೇಕು. ಮೀಟರಿನಲ್ಲಿ 7.4 ಬಂತು. ಕಾದಾಗ ತಾಮ್ರದ ಓಮ್ ಹೇಗೂ ಏರುತ್ತದೆ, 90 ಡಿಗ್ರಿಯಲ್ಲಿ ಇದೇ ಕಾಯಿಲ್ ಸುಮಾರು 9.4 ತೋರಿಸಬೇಕು. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ನೋಡಿದೆ, ಓಮ್ ನಿಧಾನವಾಗಿ ಏರಿತು, ಎಲ್ಲೂ ಕಡಿಯಲಿಲ್ಲ. ಕಾಯಿಲ್ ಚೆನ್ನಾಗಿದೆ. ಕನೆಕ್ಟರ್ ಕಳಚಿ ಕೀ ತಿರುಗಿಸಿದರೆ ಒಂದು ಪಿನ್ನಿನಲ್ಲಿ 12.4 ವೋಲ್ಟ್ ಬಂತು. ಇನ್ನೊಂದು ಪಿನ್ನಿನಿಂದ ಇಸಿಯುವರೆಗೆ ವೈರು ನೋಡಿದರೆ ಮೀಟರು ಬೀಪ್ ಅಂದಿತು.

ಎಲ್ಲವೂ ಸರಿ! ಬಹಳ ಜನ ಇಲ್ಲಿಗೇ ನಿಲ್ಲಿಸಿ "ಇಸಿಯು ಹೋಗಿದೆ" ಅಂದುಬಿಡುತ್ತಾರೆ, ಅಲ್ವಾ? ಆದರೆ ಮಲ್ಟಿಮೀಟರು ವೈರಿನಿಂದ ಕೆಲಸವನ್ನೇ ಕೇಳುವುದಿಲ್ಲ. ಬೀಪ್ ಅನ್ನಿಸಲು ಅದು ಕಳಿಸುವುದು ತೀರಾ ಸಣ್ಣ ಕರೆಂಟು. ಕೂದಲಿನಷ್ಟು ತೆಳುವಾದ ಒಂದೇ ಎಳೆ ಉಳಿದಿದ್ದರೂ ಅದು ದಾಟಿಹೋಗುತ್ತದೆ. ಸೊಲೆನಾಯ್ಡಿಗೆ ಬೇಕಾಗಿರುವುದು ಹೆಚ್ಚುಕಡಿಮೆ 1.7 ಆಂಪಿಯರ್. ದಾರಿಯಲ್ಲಿ ಬರೀ 3 ಓಮ್ ಸೇರಿಕೊಂಡರೂ ಅದು 1.2ಕ್ಕೆ ಇಳಿಯುತ್ತದೆ.

ಹಾಗಾಗಿ ವೈರಿಗೆ ನಿಜವಾದ ಕೆಲಸ ಕೊಡಬೇಕಿತ್ತು. 21 ವ್ಯಾಟಿನ ಇಂಡಿಕೇಟರ್ ಬಲ್ಬ್ ತೆಗೆದುಕೊಂಡೆ. ಅದು ಎಳೆಯುವ ಕರೆಂಟೂ ಸೊಲೆನಾಯ್ಡಿನಷ್ಟೇ. ಬ್ಯಾಟರಿ ಬಿಚ್ಚಿ ಇಸಿಯು ಪ್ಲಗ್ಗನ್ನು ಪೂರ್ತಿ ಕಳಚಿದೆ. ಇದನ್ನು ಮರೆಯಲೇಬಾರದು, ಬಲ್ಬ್ ಹತ್ತುವ ಕ್ಷಣದಲ್ಲಿ ಕರೆಂಟು ಒಮ್ಮೆಲೇ ನುಗ್ಗುತ್ತದೆ, ಇಸಿಯು ಒಳಗಿನ ಟ್ರಾನ್ಸಿಸ್ಟರಿಗೆ ಅದು ಒಳ್ಳೆಯದಲ್ಲ. ವೈರಿನ ಇಸಿಯು ತುದಿಯನ್ನು ಕಾರಿನ ಲೋಹದ ಮೈಗೆ ಅರ್ಥ್ ಮಾಡಿದೆ. ಇನ್ನೊಂದು ತುದಿಗೆ ಬಲ್ಬ್ ಹಾಕಿ, ಬ್ಯಾಟರಿ ಮತ್ತೆ ಜೋಡಿಸಿ, ನೇರವಾಗಿ ಅದರಿಂದ ಫ್ಯೂಸ್ ಮೂಲಕ ಕರೆಂಟು ಕೊಟ್ಟೆ.

ಬಲ್ಬ್ ಚೆನ್ನಾಗಿಯೇ ಹತ್ತಿತು. ಒಂದು ಕ್ಷಣ ಕೈಚೆಲ್ಲಿ ಕೂತೆ. ಆಮೇಲೆ ಮಗಳಿಗೆ ಬಲ್ಬ್ ಮೇಲೇ ಕಣ್ಣಿಡಲು ಹೇಳಿ, ಕನೆಕ್ಟರಿನಿಂದ ಶುರುಮಾಡಿ ವೈರನ್ನು ಒಂದೊಂದೇ ಗೇಣು ಅಲ್ಲಾಡಿಸುತ್ತಾ ಹೋದೆ. ಸಿಲಿಂಡರ್ ಹೆಡ್ಡಿನ ಪಕ್ಕ ವೈರುಗಳ ಕಟ್ಟನ್ನು ಹಿಡಿದಿರುವ ಒಂದು ಕ್ಲಿಪ್ ಇದೆ. ಅಲ್ಲಿ ಬೆರಳಿಟ್ಟು ಎಂಜಿನ್ ಕಡೆಗೆ ಎಳೆದೆ.

"ಅಪ್ಪಾ, ಮಂಕಾಯ್ತು! ಇಲ್ಲ, ಆರೇಹೋಯ್ತು!"

ಮತ್ತೆ ಬಿಟ್ಟೆ, ಹತ್ತಿತು. ಎಳೆದೆ, ಆರಿತು. ಮೂರು ವಾರದ ಒದ್ದಾಟದ ಮೇಲೆ ಆ ಸಣ್ಣ ದೀಪ ಆರಿದ್ದು ಎಷ್ಟು ಖುಷಿ ಕೊಟ್ಟಿತು ಅಂದರೆ, ಇನ್ನೂ ನಾಲ್ಕೈದು ಸಲ ಸುಮ್ನೆ ಹಾಗೇ ಮಾಡಿ ನೋಡಿದೆವು.

ಟೇಪು ಬಿಚ್ಚಿದರೆ ವೈರು ಹೊರಗಿನಿಂದ ಹೊಸದರ ಹಾಗೇ ಇತ್ತು. ಸಿಪ್ಪೆ ಸೀಳಿಲ್ಲ, ಸುಟ್ಟಿಲ್ಲ. ಬೆರಳ ಮೇಲೆ ಮಡಚಿದಾಗ ಮಾತ್ರ ಗೊತ್ತಾಯಿತು. ಬೇರೆ ಕಡೆ ಬಿಲ್ಲಿನ ಹಾಗೆ ಬಾಗುವ ವೈರು ಆ ಒಂದು ಜಾಗದಲ್ಲಿ ಒದ್ದೆ ದಾರದಂತೆ ಜೋತುಬಿತ್ತು. ಬ್ಲೇಡಿನಿಂದ ಸಿಪ್ಪೆ ಸೀಳಿದೆ. ಒಳಗೆ ಹಸಿರು ಕಿಲುಬು, ಮುರಿದ ಎಳೆಗಳು. ಕೊನೆಗೆ ಎರಡೇ ಎಳೆ ಉಳಿದಿದ್ದವು. ಕ್ಲಿಪ್ಪಿನಿಂದ ಕನೆಕ್ಟರಿಗೆ ಹೋಗುವ ತುಂಡು ಬಿಗಿಯಾಗಿತ್ತು. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತನ್ನ ಮೌಂಟಿನ ಮೇಲೆ ಸ್ವಲ್ಪ ಹೊರಳುತ್ತದೆ, ಆಗ ಅದು ವೈರನ್ನು ಎಳೆಯುತ್ತಿತ್ತು. ಬಿಸಿಗೆ ಸಿಪ್ಪೆಯೂ ಮೆತ್ತಗಾಗುತ್ತದೆ, ಆಗ ಎಳೆತವೆಲ್ಲ ಬೀಳುವುದು ಆ ಎರಡು ಎಳೆಗಳ ಮೇಲೆ.

ಕೆಟ್ಟ ತುಂಡು ಕತ್ತರಿಸಿ ಅಷ್ಟೇ ದಪ್ಪದ ಹೊಸ ವೈರು ಸೇರಿಸಿದೆ. ಬೆಸುಗೆ ಹಾಕಲಿಲ್ಲ, ಕ್ರಿಂಪ್ ಮಾಡಿದೆ, ಅಂದರೆ ಎರಡೂ ತುದಿಗಳನ್ನು ಸಣ್ಣ ಲೋಹದ ಕೊಳವೆಯೊಳಗೆ ಇಟ್ಟು ಒತ್ತಿ ಬಿಗಿಮಾಡಿದೆ. ಬೆಸುಗೆ ಹೀರಿಕೊಂಡ ವೈರು ಗಡುಸಾಗುತ್ತದೆ, ಅದುರುವ ಜಾಗದಲ್ಲಿ ಅದರ ಅಂಚಿನಲ್ಲೇ ಮತ್ತೆ ಮುರಿಯುತ್ತದೆ. ಮೇಲೆ ಒಳಗಡೆ ಅಂಟು ಸವರಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ) ಕೊಳವೆ ಹಾಕಿದೆ. ಈ ಸಲ ಎರಡು ಬೆರಳಿನಷ್ಟು ಸಡಿಲ ಬಿಟ್ಟೆ.

ಎಲ್ಲ ಜೋಡಿಸಿ, ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಸ್ಕ್ಯಾನರಿನಿಂದ ಸೊಲೆನಾಯ್ಡಿಗೆ ಆನ್ ಕೊಟ್ಟೆ. ಎಂಜಿನ್ ಗಡಗಡ ನಡುಗಿ ನಿಲ್ಲುವ ಹಾಗಾಯಿತು. ಆಫ್ ಮಾಡಿದ ಕೂಡಲೇ ಸುಧಾರಿಸಿತು. ಈ ಪರೀಕ್ಷೆಯಲ್ಲಿ ಹೀಗೇ ಆಗಬೇಕು, ಕ್ಯಾಮ್ ನಿಜಕ್ಕೂ ತಿರುಗಿದೆ ಅಂತ ಅರ್ಥ. ಆಮೇಲೆ ಒಂದು ಗಂಟೆ ಏರಿನ ರಸ್ತೆಯಲ್ಲೇ ಓಡಿಸಿದೆ. ದೀಪ ಹತ್ತಲಿಲ್ಲ.

ಅದೇ ಕ್ಲಿಪ್ಪಿನೊಳಗೆ ಕ್ಯಾಮ್ ಸೆನ್ಸರಿನ ಮೂರು ವೈರುಗಳೂ ಹಾದುಹೋಗುತ್ತವೆ. ಟೇಪು ಸುತ್ತುವ ಮೊದಲು ಅವನ್ನೂ ಒಂದೊಂದಾಗಿ ಬೆರಳ ಮೇಲೆ ಮಡಚಿ ನೋಡಿದ್ದೆ. ಮೂರೂ ಬಿಲ್ಲಿನ ಹಾಗೇ ಬಾಗಿದವು.