ಬಾವಿಯ ಈಜು, ನೇತ್ರಾಣಿಯ ಆಳ

ಗಂಗಾವತಿಯಿಂದ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವುದನ್ನು, ಕಲಿಯಲು ಮುರುಡೇಶ್ವರಕ್ಕೆ ಹೊರಟಾಗ ಈಜಿನ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವನು. ಮೇಲಿನಿಂದ ಜಿಗಿದು ತಳದ ರಾಡಿ ಹಿಡಿದು ಬರುತ್ತಿದ್ದೆ. "ಅಳಿಯಾ, ಇಷ್ಟು ಹೊತ್ತು ಉಸಿರು ಕಟ್ಟುವವನಿಗೆ ಸಿಲಿಂಡರ್ ಯಾಕೆ?" ಎಂದು ಸೋದರಮಾವ ನಕ್ಕಿದ್ದರು.

ಸ್ಕೂಬಾದ ಮೊದಲ ಹಂತದ ಓಪನ್ ವಾಟರ್ ಕೋರ್ಸ್‌ಗೆ 200 ಮೀಟರ್ ಎಲ್ಲಿಯೂ ನಿಲ್ಲದೆ ಈಜಬೇಕು. ಸಮಯದ ಮಿತಿ ಇಲ್ಲ, ಯಾವ ಶೈಲಿಯಾದರೂ ಸರಿ. ಮಾಸ್ಕ್, ಸ್ನಾರ್ಕೆಲ್ (ಉಸಿರಾಟದ ಕೊಳವೆ), ಫಿನ್ (ಕಾಲಿನ ರೆಕ್ಕೆ) ಹಾಕಿಕೊಂಡರೆ 300 ಮೀಟರ್. ಬಳಿಕ 10 ನಿಮಿಷ ಏನನ್ನೂ ಹಿಡಿಯದೆ ತೇಲಬೇಕು. ಹೊರಡುವ ಮುನ್ನ 25 ಮೀಟರಿನ ಕೊಳದಲ್ಲಿ ಪರೀಕ್ಷಿಸಿಕೊಂಡೆ. ಎಂಟು ಸಲ ದಾಟಬೇಕಾದಲ್ಲಿ ಐದನೆಯದಕ್ಕೇ ಗೋಡೆಗೆ ಜೋತುಬಿದ್ದೆ. ಬಾವಿಯಲ್ಲಿ ನಾಲ್ಕು ಕೈ ಬೀಸಿದರೆ ಮೆಟ್ಟಿಲು ಸಿಗುತ್ತದೆ, ಕೊಳದಲ್ಲಿ ಅದಿಲ್ಲ. ಮೇಲಾಗಿ ನಾವು ತಲೆ ಎತ್ತಿಯೇ ಈಜುವವರು. ತಲೆ ಮೇಲಾದರೆ ಕಾಲು ಮುಳುಗುತ್ತದೆ, ದಮ್ಮು ಅಲ್ಲೇ ಖರ್ಚಾಗುತ್ತದೆ. ಮುಖ ನೀರಿಗಿಟ್ಟು, ನೀರೊಳಗೇ ಉಸಿರು ಬಿಡುತ್ತ ನಿಧಾನವಾಗಿ ಸಾಗುವುದನ್ನು ಕಲಿಯಲು ಮೂರು ವಾರ ಹಿಡಿಯಿತು. ಈ ಅಭ್ಯಾಸಕ್ಕೆ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಗೆ ಇಳಿಯಬೇಡಿ. ಅಲ್ಲಿ 200 ಮೀಟರನ್ನು ನೀರೇ ಒಯ್ಯುತ್ತದೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ.

ಮಾವ ಹೊಗಳಿದ ವಿದ್ಯೆಯೇ ಕೊನೆಗೆ ಅಡ್ಡ ಬಂದದ್ದು. ಸ್ಕೂಬಾದಲ್ಲಿ ಉಸಿರು ಕಟ್ಟುವಂತೆಯೇ ಇಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದ ಗಾಳಿಯನ್ನು ಹಿಡಿದುಕೊಂಡೇ ಮೇಲೇರಿದರೆ ಅದು ಹಿಗ್ಗಿ ಶ್ವಾಸಕೋಶವನ್ನೇ ಹರಿದೀತು. ನನ್ನ ಗುಳ್ಳೆಗಳು ನಿಂತಾಗಲೆಲ್ಲ ತರಬೇತುದಾರರು ನನ್ನ ಮಾಸ್ಕ್ ಮುಂದೆ ಬೆರಳಾಡಿಸಿ ಮೇಲೆ ತೋರಿಸುತ್ತಿದ್ದರು: ಗುಳ್ಳೆ ಎಲ್ಲಿ?

ಒಂದೇ ಸಲ ಮುಳುಗಿ ಮೀನು ನೋಡಿದರೆ ಸಾಕು ಎನ್ನುವವರಿಗೆ ಈ ಈಜು ಪರೀಕ್ಷೆಯಿಲ್ಲ. ತರಬೇತುದಾರರ ಜೊತೆ 12 ಮೀಟರ್‌ವರೆಗೆ ಇಳಿಯಬಹುದು. ಆರೋಗ್ಯದ ಪ್ರಶ್ನಾವಳಿ ಮಾತ್ರ ಎಲ್ಲರಿಗೂ ಇದೆ. ಅಸ್ತಮಾ, ಕಿವಿಯ ಶಸ್ತ್ರಚಿಕಿತ್ಸೆಯಂಥದ್ದಕ್ಕೆ 'ಹೌದು' ಎಂದರೆ ವೈದ್ಯರ ಸಹಿ ಬೇಕಾಗುತ್ತದೆ. ಊರಲ್ಲೇ ಮಾಡಿಸಿಕೊಂಡು ಹೋಗಿ.

ಕೊಪ್ಪಳದಿಂದ ಹುಬ್ಬಳ್ಳಿ, ಅಂಕೋಲಾ ಮೂಲಕ ಕರಾವಳಿ ಹೆದ್ದಾರಿ ಹಿಡಿದರೆ ಮುರುಡೇಶ್ವರ. ಮಳೆಗಾಲದಲ್ಲಿ ದೋಣಿ ಹೊರಡುವುದಿಲ್ಲ. ಮುಳುಗಲು ಹೋಗುವ ನೇತ್ರಾಣಿ ದ್ವೀಪ ದಡದಿಂದ ಸುಮಾರು 19 ಕಿ.ಮೀ.; ಅಲೆಯ ಮೇಲೆ ಅದು ಚಿಕ್ಕ ದಾರಿಯಲ್ಲ. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಮಿರ್ಚಿಯನ್ನು ನಾನು ದೋಣಿ ಹತ್ತುವ ಮೊದಲೇ ತಿಂದಿದ್ದೆ. ನೀವು ಇಳಿದ ಮೇಲೆ ತಿನ್ನಿ.