ಮೂರು ಬೀಜದ ಕಡಲೆಕಾಯಿ

ಮಗಳಿಗೆ ರಾತ್ರಿ ಮಲಗುವಾಗ ನಾನೇ ಕಟ್ಟಿದ ಒಂದು ಮಾಯಾಕಥೆ ಹೇಳುತ್ತಿದ್ದೇನೆ. ನಡೆಯೋದು ಬಸವನಗುಡಿಯಲ್ಲಿ, ಕಾರ್ತಿಕದ ಕೊನೆಯ ಸೋಮವಾರ, ಕಡಲೆಕಾಯಿ ಪರಿಷೆಯ ದಿನ. ಹಿಂದೆ ರೈತರ ಹೊಲಕ್ಕೆ ನುಗ್ಗಿ ಕಡಲೆಕಾಯಿ ತಿಂದ ಬಸವನ ಕಥೆ ಎಲ್ಲರಿಗೂ ಗೊತ್ತಲ್ವಾ, ಅದೇ ಬಸವ ನನ್ನ ಕಥೆಯ ಚಿನ್ನಿಗೆ ಒಂದು ಕಡಲೆಕಾಯಿ ಕೊಡುತ್ತಾನೆ. ಒಂದು ಬೀಜ ತಿಂದರೆ ಕೇಳಿದ್ದು ಸಿಗುತ್ತದೆ. ಆದರೆ ಇರೋದು ಮೂರೇ ಬೀಜ.

ಮೂರೂ ಬೇಕು ಅನ್ನೋದು ಅವಳ ಗೆಳತಿ. "ಕೊಡಲ್ಲ ಅಂದ್ರೆ ಟೂ ಬಿಡ್ತೀನಿ." ಒಂದು ಹೊಸ ಸೈಕಲ್ಲಿಗೆ ಹೋಯಿತು, ಇನ್ನೊಂದು ತನಗಾಗದ ಹುಡುಗಿಯ ಬಾಯಿ ಕಟ್ಟಿಸೋಕೆ. ಚಿನ್ನಿಗೆ ಹೊಟ್ಟೆಯೊಳಗೆ ಕಲ್ಲು ಇಟ್ಟ ಹಾಗಾಗುತ್ತದೆ, ಆದರೂ ಕೊಡುತ್ತಾಳೆ.

ಇಲ್ಲಿ ಮಗಳು ನನ್ನ ತೋಳು ಹಿಡಿದು, "ಅಮ್ಮಾ, ಅವಳು ಮಧ್ಯೆ ಮಧ್ಯೆ ಒಳ್ಳೆಯವಳೂ ಆಗಿರ್ತಾಳೆ, ಅದಕ್ಕೇ ಬಿಡೋಕಾಗಲ್ಲ" ಅಂದಳು.

ನಾನು ಕಥೆ ನಿಲ್ಲಿಸಿದೆ. ನಿಧಾನವಾಗಿ ಸ್ಕೂಲ್ ವ್ಯಾನಿನ ವಿಷಯ ಹೊರಬಂತು. ಅಲ್ಲಿ ಒಬ್ಬ ಗೆಳತಿಗೆ ದಿನಾ ಡಬ್ಬಿಯ ಚಕ್ಕುಲಿ ಕೊಟ್ಟರೆ ಮಾತ್ರ ಅವಳ ಪಕ್ಕದಲ್ಲಿ ಜಾಗವಂತೆ. ರಾಕ್ಷಸನಾಗಿದ್ದರೆ ಕೋರೆಹಲ್ಲು ನೋಡಿಯೇ ಗೊತ್ತಾಗುತ್ತಿತ್ತು, ಇದು ಪಕ್ಕದಲ್ಲೇ ಕೂತು ನಗುವ ಹುಡುಗಿ. ಮಗಳನ್ನು ತುಂಬಾ ಹೊತ್ತು ತಬ್ಬಿಕೊಂಡೇ ಮಲಗಿದ್ದೆ.

ಮೂರನೇ ಬೀಜ ಇನ್ನೂ ಚಿನ್ನಿಯ ಜೇಬಲ್ಲೇ ಇದೆ. ಅದನ್ನು ಏನು ಮಾಡೋದು ಅಂತ ಇವತ್ತು ರಾತ್ರಿ ಮಗಳೇ ಹೇಳುತ್ತಾಳಂತೆ.