ಬರ್ಸ್ಲೇಬೇಕಿತ್ತು

ಮೊನ್ನೆ ಶನಿವಾರ ಅತ್ತೆ ಮನೆಗೆ ಕಾಫಿಗೆ ಹೋಗಿದ್ವಿ, ಅಲ್ಲಿ ಅವರಾಡಿದ ಒಂದು ಮಾತು ಇವತ್ತು ಗುರುವಾರ ಆದ್ರೂ ತಲೆಯಿಂದ ಇಳೀತಿಲ್ಲ.

ನಾಲ್ಕು ತಿಂಗಳಿಂದ ಅತ್ತೆಯ ಅಪ್ಪನ ಕಡೆಯವರನ್ನ ಹುಡುಕ್ತಿದೀನಿ. ವಂಶ ನನ್ನ ಗಂಡಂದು, ನಿದ್ದೆಗೆಡೋದು ನಾನು, ಆ ಮಹಾರಾಯನಿಗೆ ಮುತ್ತಜ್ಜನ ಹೆಸ್ರೂ ಬೇಡ. ಅತ್ತೆ ಹುಟ್ಟಿದ್ದು 1944ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಸೈಲೀಸಿಯಾ ಪ್ರಾಂತ್ಯದ ಹಿರ್ಷ್‌ಬೆರ್ಗ್ ಪಕ್ಕದ ಹಳ್ಳೀಲಿ, ಅದು ಈಗ ಪೋಲೆಂಡ್‌ನ ಯೆಲೆನ್ಯಾ ಗೂರಾ. ಎರಡು ವರ್ಷದ ಕೂಸಿದ್ದಾಗ ಅಲ್ಲಿದ್ದ ಜರ್ಮನ್ನರನ್ನೆಲ್ಲ ರೈಲಿಗೆ ಹತ್ಸಿ ಕಳ್ಸಿದ್ರಂತೆ, ಹಾಗಾಗಿ ಅವರಿಗೆ ಆ ಊರಿನ ನೆನಪೇ ಇಲ್ಲ, ಆದ್ರೆ 'ನಮ್ಮೂರು' ಅನ್ನೋದು ಅದನ್ನೇ.

ಆ ಹಳ್ಳಿ ಇದ್ದಲ್ಲೇ ಇದೆ, ಬದಲಾಗಿದ್ದು ದೊರೆಗಳು. 1742ರ ತನಕ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಮನೆತನದ್ದು, ಆಮೇಲೆ ಪ್ರಷ್ಯಾ ಅನ್ನೋ ಜರ್ಮನ್ ರಾಜ್ಯ, 1871ಕ್ಕೆ ಜರ್ಮನ್ ಸಾಮ್ರಾಜ್ಯ, 1945ಕ್ಕೆ ಪೋಲೆಂಡ್. ಪ್ರಷ್ಯಾದಲ್ಲಿ ಸರ್ಕಾರ ಜನನ ಮರಣ ಬರ್ಕೊಳ್ಳೋಕೆ ಶುರು ಮಾಡಿದ್ದೇ 1874ರ ಅಕ್ಟೋಬರ್‌ನಲ್ಲಿ, ಅದಕ್ಕೂ ಹಿಂದಿನದ್ದು ಬೇಕಂದ್ರೆ ಚರ್ಚಿನ ಪುಸ್ತಕವೇ ಗತಿ. ಇವರು ಪ್ರಾಟೆಸ್ಟೆಂಟರು, ಆದ್ರೆ 1742ಕ್ಕಿಂತ ಹಿಂದೆ ಒಬ್ಬನೂ ಸಿಗ್ತಿಲ್ಲ, ಎರಡು ವಾರ ತಲೆ ಕೆಡಿಸ್ಕೊಂಡ ಮೇಲೆ ಗೊತ್ತಾಯ್ತು, 1650ರ ಸುಮಾರಿಗೆ ಹ್ಯಾಬ್ಸ್‌ಬರ್ಗ್‌ನವರು ಆ ಕಡೆ ಹಳ್ಳಿಗಳ ಚರ್ಚನ್ನೆಲ್ಲ ಕಿತ್ಕೊಂಡು ಕ್ಯಾಥೊಲಿಕ್ ಮಾಡ್ಬಿಟ್ಟಿದ್ರು, ಹಾಗಾಗಿ ಇವರ ಮಕ್ಕಳ ಹೆಸ್ರು ಇರೋದೂ ಕ್ಯಾಥೊಲಿಕ್ ಪಾದ್ರಿಯ ಪುಸ್ತಕದಲ್ಲಿ. ಮೇಲೆ ಆ ಹಳೇ ಕೈಬರಹ ಬೇರೆ, ಕುರೆಂಟ್ ಅಂತಾರೆ, 'e'ನೂ 'n'ನೂ ಒಂದೇ ಥರ ಕಾಣ್ಸುತ್ತೆ. ಧಾರವಾಡದಲ್ಲಿ ನಮ್ಮಜ್ಜನ ಹೊಲದ ಕಾಗದ ಮರಾಠಿಯ ಹಳೇ ಮೋಡಿ ಲಿಪೀಲಿದ್ವು, ಅದನ್ನ ಓದಕ್ಕೆ ಬರದೋಳು ಇಲ್ಲಿ ಕೂತು ಇದನ್ನ ಕಲಿತಿದೀನಿ, ಅಮ್ಮನಿಗೆ ಹೇಳಿದ್ರೆ ಬೈತಾಳೆ.

ಇಷ್ಟೆಲ್ಲ ಒದ್ದಾಟ ಕೇಕ್ ತಿಂತಾ ಹೇಳಿದ್ದಕ್ಕೆ ಅತ್ತೆ ಎದ್ದು ಹೋಗಿ ಮೇಜಿನ ಬಟ್ಟೆ ಇಡೋ ಡ್ರಾಯರ್ ಎಳೆದು, ಅಡಿಯಿಂದ ಒಂದು ಸಣ್ಣ ಪುಸ್ತಕ ತೆಗ್ದು ಕೈಗಿಟ್ರು. ಆನೆನ್‌ಪಾಸ್. ಪೂರ್ವಜರ ಪಾಸ್‌ಪೋರ್ಟ್ ಅಂತ ಅರ್ಥ. ಅವರಪ್ಪ, ಅವರ ಅಪ್ಪ ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ, ಎಲ್ಲರ ದೀಕ್ಷಾಸ್ನಾನ, ಮದುವೆ, ತಾರೀಕು ಸಮೇತ, ಒಂದೊಂದಕ್ಕೂ ಸೀಲು ಸಹಿ. ನಾನು ನಾಲ್ಕು ತಿಂಗಳು ಹುಡುಕಿದ್ದೆಲ್ಲ ನಾಲ್ಕೇ ಪುಟದಲ್ಲಿ! ಮೊದ್ಲು ನಿಜವಾಗ್ಲೂ ಖುಷಿಯಾಯ್ತು, ಅದನ್ನ ಮುಚ್ಚಿಡಲ್ಲ. ಎಷ್ಟು ಅಚ್ಚುಕಟ್ಟಾಗಿದೆ, ಯಾಕೆ ಬರ್ಸಿಟ್ಟಿದ್ರು ಅಂತ ಕೇಳ್ದೆ.

"ಮುಸ್ಟೆ ಮಾನ್," ಅಂದ್ರು ಅತ್ತೆ, ಕಾಫಿ ಬಗ್ಗಿಸ್ತಾ. ಬರ್ಸ್ಲೇಬೇಕಿತ್ತು.

ಆಗ ಮೊದಲ ಸೀಲಿನ ತಾರೀಕು ನೋಡ್ದೆ. 1936.

ಅವರಪ್ಪ ರೈಲ್ವೆ ಗುಮಾಸ್ತ. 1933ರ ಏಪ್ರಿಲ್‌ನಲ್ಲಿ ಹಿಟ್ಲರ್ ಸರ್ಕಾರ ತಂದ ಕಾನೂನಿಂದ ಸರ್ಕಾರಿ ನೌಕರರು ತಾವು ಆರ್ಯರು, ಅಂದ್ರೆ ಅಜ್ಜ ಅಜ್ಜೀಲಿ ಯಾರೂ ಯೆಹೂದಿ ಅಲ್ಲ, ಅಂತ ತೋರಿಸ್ಬೇಕಾಯ್ತು. ಏಳು ಜನನ ಅಥ್ವಾ ದೀಕ್ಷಾಸ್ನಾನದ ಪತ್ರ, ಮೂರು ಮದುವೆ ಪತ್ರ. ಹಿಟ್ಲರ್‌ನ ಎಸ್‌ಎಸ್ ಪಡೇಲಿ ಅಧಿಕಾರಿ ಆಗ್ಬೇಕಿದ್ರೆ 1750ರ ತನಕ ಹಿಂದೆ ಹೋಗ್ಬೇಕಿತ್ತು. ಅಂದ್ರೆ ನಾನು ಈಗ ಮಾಡ್ತಿರೋ ಕೆಲ್ಸವನ್ನೇ ಇಡೀ ದೇಶ ಮಾಡ್ತಿತ್ತು, ಇದೇ ಪುಸ್ತಕಗಳನ್ನ ಪಾದ್ರಿಗಳು ತಿರುವಿ ಹಾಕ್ತಿದ್ರು, ಯಾರದೋ ಅಜ್ಜಿ ದೊಡ್ಡೋಳಾದ್ಮೇಲೆ ಯೆಹೂದಿ ಧರ್ಮ ಬಿಟ್ಟು ದೀಕ್ಷಾಸ್ನಾನ ತಗೊಂಡಿದ್ದು ಸಿಕ್ರೆ ಮೊಮ್ಮಗನ ಕೆಲ್ಸ ಹೋಗ್ತಿತ್ತು, ಕೆಲ್ಸದ ಜೊತೆ ಇನ್ನೇನೇನು ಹೋಯ್ತು ಅಂತ ಎಲ್ರಿಗೂ ಗೊತ್ತು.

ಅತ್ತೆ ಕೆಟ್ಟೋರಲ್ಲ, ಏನನ್ನೂ ಮುಚ್ಚಿಡೋ ಜಾತೀನೂ ಅಲ್ಲ, ನಾನು ಕೇಳಿರ್ಲಿಲ್ಲ, ಅವರು ತೋರ್ಸಿರ್ಲಿಲ್ಲ ಅಷ್ಟೇ. ಆದ್ರೆ ಆ 'ಮಾನ್' ಇದ್ಯಲ್ಲ, ಜರ್ಮನ್‌ನಲ್ಲಿ ಅದು ಕರ್ತೃವಿನ ಜಾಗದಲ್ಲಿ ಕೂರೋ ಪದ, ಆದ್ರೆ ಯಾರೂ ಅಲ್ಲ. ಕನ್ನಡದಲ್ಲಿ ಅಷ್ಟೂ ಬೇಡ, ಬರ್ಸ್ಲೇಬೇಕಿತ್ತು ಅಂದ್ರೆ ಮುಗೀತು, ಯಾರು ಬರ್ಸಿದ್ರು, ಯಾರು ಬರ್ಕೊಟ್ರು, ಯಾರಿಗೆ ಬರ್ಸಕ್ಕಾಗ್ಲಿಲ್ಲ, ಒಂದೂ ಹೇಳ್ಬೇಕಿಲ್ಲ. ನಾವೂ ಹಂಗೇ ಮಾತಾಡೋದು. ತಮ್ಮನ ಮದ್ವೆ ಮಾತುಕತೇಲಿ ಹುಡ್ಗಿ ಕಡೆಯವರ ಬಗ್ಗೆ ಏಳು ತಲೆಮಾರು ವಿಚಾರ್ಸಿದಾಗ ಯಾಕಪ್ಪಾ ಅಂದ್ರೆ ಅಪ್ಪ ಹೇಳಿದ್ದೂ ಇದೇ, "ಕೇಳ್ಬೇಕಾಗುತ್ತೆ." ಎರಡೂ ಒಂದೇ ಅಂತಲ್ಲ, ಆದ್ರೆ ಕಾಫಿ ಬಗ್ಗಿಸ್ತಾ ಹೇಳೋ ಆ ಧಾಟಿ ನಂಗೆ ಹೊಸದಲ್ಲ.

ಪುಸ್ತಕದ ಫೋಟೋ ತಗೊಂಡು ಬಂದಿದೀನಿ. ನಿನ್ನೆ ರಾತ್ರಿ ಏಳೂ ಹೆಸ್ರು ವಂಶವೃಕ್ಷಕ್ಕೆ ಹಾಕ್ದೆ, ಆಧಾರ ಏನು ಅಂತ ಬರಿಯೋ ಖಾನೆ ಬಂತು. "ಚರ್ಚ್ ದಾಖಲೆ ಅಂತ ಹಾಕು ಸಾಕು, ಅಲ್ಲಿಂದಲೇ ತಾನೇ ಬಂದಿದ್ದು," ಅಂದ ಗಂಡ, ಮೊದಲ ಸಲ ಆಸಕ್ತಿ ತೋರ್ಸಿ. 'ಆನೆನ್‌ಪಾಸ್, 1936' ಅಂತ ಟೈಪ್ ಮಾಡ್ದೆ, ಅಳಿಸ್ದೆ, ಮತ್ತೆ ಟೈಪ್ ಮಾಡ್ದೆ. ಸೇವ್ ಮಾಡಿಲ್ಲ ಇನ್ನೂ.